ಮಂಗಳ ಹಾಡಲು ಮರೆತ ಭಾಗವತ!

ಮೊದಲು ಒಂದು ಒಗಟು. ಬಿಡಿಸಿ ನೋಡೋಣ!

ಒಂದು ರಕ್ತಕ್ಯಾನ್ಸರ್ ಇದೆ. ಅದು ಬಂದವರು ಕೆಲವೇ ವಾರಗಳಲ್ಲಿ ತೀರಿಕೊಳ್ಳುತ್ತಿದ್ದ ಕಾಲವೊಂದಿತ್ತು. ಆ ರೋಗದ 77 ಜನರಿಗೆ ವೈದ್ಯರು ಎರಡೇ ಎರಡು ಮದ್ದು ಕೊಟ್ಟರು. ಒಂದು, ಎ ವಿಟಮಿನ್ನಿನ ದಾಯಾದಿ. ಇನ್ನೊಂದು, ಪಾಷಾಣ!

ಹೌದು, ಪಾಷಾಣವೇ. ಹಳೆಯ ಕಥೆಗಳಲ್ಲಿ ರಾಜನ ಹಾಲಿಗೆ ಬೆರೆಸುತ್ತಿದ್ದರಲ್ಲ, ಅದೇ ವಿಷ.

ವಾಡಿಕೆಯ ಕೀಮೋ ಇಲ್ಲ. ವಿಕಿರಣ ಇಲ್ಲ. ಆ 77 ಜನರಲ್ಲಿ ಎಷ್ಟು ಮಂದಿಯ ರಕ್ತದಿಂದ ಕ್ಯಾನ್ಸರ್ ಮಾಯವಾಯಿತು? ಇಪ್ಪತ್ತು? ನಲವತ್ತು? ಅರವತ್ತು?

ನಿಮ್ಮ ಉತ್ತರ ಮನಸ್ಸಿನಲ್ಲೇ ಇರಲಿ. ನಿಜವಾದ ಸಂಖ್ಯೆಯನ್ನು ಈಗಲೇ ಹೇಳಿದರೆ ನೀವು ನಂಬುವುದಿಲ್ಲ. ದಾರಿಯಲ್ಲಿ ಒಂದು ವಿಕಟಕವಿ, ಒಂದು ಬೂಸ್ಟು ಹಿಡಿದ ಶೇಂಗಾ, ಒಂದು ಆನೆ ಎದುರಾಗಬೇಕಿದೆ. ಬನ್ನಿ ನನ್ನ ಜೊತೆ!

ಎರಡು ಮೀಟರ್ ಉದ್ದದ ಪ್ರಸಂಗ

ನಿಮ್ಮ ದೇಹದ ಒಂದೇ ಒಂದು ಜೀವಕೋಶ ತೆಗೆದುಕೊಳ್ಳಿ. ಅದರ ಕೇಂದ್ರ ಎಷ್ಟು ಪುಟ್ಟದೆಂದರೆ, ಒಂದು ಸಾಸಿವೆ ಕಾಳಿನ ಅಗಲದಲ್ಲಿ ಅಂಥ ನೂರಕ್ಕೂ ಹೆಚ್ಚು ಕೇಂದ್ರಗಳನ್ನು ಸಾಲಾಗಿ ಕೂರಿಸಬಹುದು. ಅದರೊಳಗೆ ಮಡಚಿಟ್ಟ ಡಿಎನ್‌ಎ ದಾರವನ್ನು ಬಿಚ್ಚಿ ಎಳೆದರೆ ಎಷ್ಟು ಉದ್ದ?

ಸುಮಾರು ಎರಡು ಮೀಟರ್! ನಿಮಗಿಂತ ಎತ್ತರ!

ಇನ್ನೂ ವಿಚಿತ್ರ ಕೇಳಿ. ನಿಮ್ಮ ಕಣ್ಣಿನ ಕೋಶದಲ್ಲಿ ಇರುವ ಡಿಎನ್‌ಎಯೇ ಯಕೃತ್ತಿನ ಕೋಶದಲ್ಲೂ ಇದೆ. ಅದೇ ಪುಸ್ತಕ, ಅವೇ ಪುಟಗಳು. ಹಾಗಾದರೆ ಕಣ್ಣು ಪಿತ್ತರಸ ಸುರಿಸುವುದಿಲ್ಲವೇಕೆ? ಯಕೃತ್ತಿಗೆ ಕಣ್ಣು ಬರುವುದಿಲ್ಲವೇಕೆ?

ಯಕ್ಷಗಾನ ನೋಡಿದ್ದೀರಲ್ಲ? ಅಲ್ಲೇ ಇದೆ ಉತ್ತರ!

ಚೌಕಿಯಲ್ಲಿ ಹತ್ತಾರು ವೇಷಗಳು ಬಣ್ಣ ಹಚ್ಚಿ ಕೂತಿರುತ್ತವೆ. ಆದರೆ ರಂಗಸ್ಥಳಕ್ಕೆ ಯಾರು ಯಾವಾಗ ಬರಬೇಕು? ಅದು ಭಾಗವತರ ಕೈಯಲ್ಲಿ. ಅವರು ಪದ ಎತ್ತಿದರೆ ವೇಷ ಬರುತ್ತದೆ. ಅವರು ನಿಲ್ಲಿಸಿದರೆ ಕುಣಿತ ನಿಲ್ಲುತ್ತದೆ. ಕೊನೆಗೆ ಮಂಗಳ ಹಾಡುವವರೂ ಅವರೇ.

ನಿಮ್ಮ ಪ್ರತಿ ಜೀವಕೋಶದಲ್ಲೂ ಇಂಥ ಭಾಗವತರಿದ್ದಾರೆ! ವಿಜ್ಞಾನಿಗಳು ಅವರನ್ನು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂದು ಕರೆಯುತ್ತಾರೆ. ಡಿಎನ್‌ಎ ಮೇಲೆ ಸರಿಯಾದ ಜಾಗ ಹುಡುಕಿ ಕೂತು, ಈ ಜೀನ್ ಓದಿ, ಆ ಜೀನ್ ಮುಚ್ಚಿ ಎಂದು ಅಪ್ಪಣೆ ಕೊಡುವ ಪ್ರೋಟೀನ್‌ಗಳಿವು.

ನಮ್ಮ ಪ್ರಸಂಗದಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಅಷ್ಟೊಂದು ವೇಷಗಳನ್ನು ಕುಣಿಸಲು ಎಷ್ಟು ಭಾಗವತರು ಬೇಕು? ಹತ್ತು? ಐವತ್ತು?

ಸುಮಾರು 1,600! ಹೆಚ್ಚುಕಡಿಮೆ ಹನ್ನೆರಡು ವೇಷಕ್ಕೊಬ್ಬ ಭಾಗವತ!

ಇವರು ಪ್ರಸಂಗ ಓದುವ ರೀತಿ ಕೇಳಿದರೆ ಬೆರಗಾಗುತ್ತೀರಿ. ಪುಸ್ತಕ ತೆರೆಯದೆಯೇ ಓದುತ್ತಾರೆ! ಡಿಎನ್‌ಎ ಒಂದು ತಿರುಚಿದ ಏಣಿ. ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳು ಅದರ ಮೆಟ್ಟಿಲುಗಳೊಳಗೆ ಅಡಗಿವೆ. ಏಣಿಯ ಪಕ್ಕದಲ್ಲಿ ಉದ್ದಕ್ಕೂ ಒಂದು ತೋಡು. ಪ್ರೋಟೀನ್ ತನ್ನ ಬೆರಳನ್ನು ಆ ತೋಡಿಗಿಳಿಸಿ ಅಕ್ಷರಗಳ ಅಂಚನ್ನು ಸವರುತ್ತದೆ. ಇದು ಸಿ. ಇದು ಎ. ಇದು ಜಿ. ಬ್ರೈಲ್ ಓದುವ ಬೆರಳಿನಂತೆ, ಬರೀ ಸ್ಪರ್ಶದಿಂದ!

ಮೂರು ನೂರು ಕೋಟಿ ಅಕ್ಷರಗಳ ನಡುವೆ ಅದು ಹುಡುಕುವುದು ಎಷ್ಟು ಉದ್ದದ ಮಾತನ್ನು? ಸಾಮಾನ್ಯವಾಗಿ ಆರರಿಂದ ಹನ್ನೆರಡು ಅಕ್ಷರ. ಅಷ್ಟೇ!

ಈಗ ಯೋಚಿಸಿ. ಇಂಥ ಒಬ್ಬ ಭಾಗವತ ತಪ್ಪು ಪದ ಎತ್ತಿದರೆ? ಎತ್ತಿದ ಪದವನ್ನು ನಿಲ್ಲಿಸದಿದ್ದರೆ? ಮಂಗಳ ಹಾಡುವುದನ್ನೇ ಮರೆತರೆ?

ಕ್ಯಾನ್ಸರ್ ಎಲ್ಲಿಂದಲೋ ನುಗ್ಗಿ ಬಂದ ವೈರಿ ಎಂದುಕೊಂಡಿದ್ದೀರಾ? ನಾನೂ ಹಾಗೆಯೇ ನಂಬಿದ್ದೆ. ಆದರೆ ಅಲ್ಲಿ ಕುಣಿಯುತ್ತಿರುವುದು ನಮ್ಮದೇ ವೇಷ. ನಡೆಯುತ್ತಿರುವುದು ನಮ್ಮದೇ ಪ್ರಸಂಗ!

ಡಿಎನ್‌ಎ ಒಳಗಿನ ವಿಕಟಕವಿ

ಮಿಕ್ ಎಂಬ ಭಾಗವತನನ್ನು ನೋಡಿ. ಕೋಶಕ್ಕೆ 'ಬೆಳೆ, ಒಡೆ, ಎರಡಾಗು' ಎಂದು ಪದ ಎತ್ತುವುದು ಇವನ ಕೆಲಸ. ಗಾಯ ಮಾಯುವುದಕ್ಕೆ ಇವನು ಬೇಕು. ಗರ್ಭದಲ್ಲಿ ಶಿಶು ಬೆಳೆಯುವುದಕ್ಕೆ ಇವನು ಬೇಕು.

ಇವನು ಹುಡುಕುವ ಮಾತು ಆರಕ್ಷರದ್ದು: ಸಿ-ಎ-ಸಿ-ಜಿ-ಟಿ-ಜಿ. ಇದರಲ್ಲೊಂದು ಚಮತ್ಕಾರ ಅಡಗಿದೆ. ಕಾಣಿಸಿತೇ?

ಸುಳಿವು ಕೊಡುತ್ತೇನೆ. ಡಿಎನ್‌ಎಗೆ ಎರಡು ಎಳೆ. ಒಂದರಲ್ಲಿ ಎ ಇದ್ದರೆ ಎದುರಿಗೆ ಟಿ. ಸಿ ಇದ್ದರೆ ಎದುರಿಗೆ ಜಿ. ಈಗ ಎದುರಿನ ಎಳೆಯನ್ನು ಬರೆದುಕೊಂಡು ಬಲದಿಂದ ಎಡಕ್ಕೆ ಓದಿ.

ಸಿ-ಎ-ಸಿ-ಜಿ-ಟಿ-ಜಿ! ಅದೇ ಮಾತು!

ಶಾಲೆಯಲ್ಲಿ ಕಿಟಕಿ, ಕನಕ, ವಿಕಟಕವಿ ಎಂದು ಹಿಂದುಮುಂದಾಗಿ ಓದಿ ಕುಣಿದಾಡಿದ್ದೆವಲ್ಲ? ನಮ್ಮ ಜೀವಕೋಶ ಆ ಆಟವನ್ನು ನಮಗಿಂತ ಎಷ್ಟೋ ಮೊದಲೇ ಆಡಿದೆ! ಕಾರಣವೂ ಇದೆ. ಮಿಕ್ ಒಂಟಿಯಾಗಿ ಕೂರುವುದಿಲ್ಲ. ಮ್ಯಾಕ್ಸ್ ಎಂಬ ಜೊತೆಗಾರ ಬೇಕು. ಒಬ್ಬ ಈ ಕಡೆಯಿಂದ, ಇನ್ನೊಬ್ಬ ಆ ಕಡೆಯಿಂದ ಡಿಎನ್‌ಎಯನ್ನು ಹಿಡಿಯುತ್ತಾರೆ. ಇಬ್ಬರಿಗೂ ಒಂದೇ ಮಾತು ಕೈಗೆ ಸಿಗಬೇಕಲ್ಲ!

ಇಂಥ ಮಿಕ್ ಹದ ತಪ್ಪಿದರೆ ಏನಾಗುತ್ತದೆ? ಆಫ್ರಿಕಾದ ಉಗಾಂಡಕ್ಕೆ ಹೋಗೋಣ. 1958ರಲ್ಲಿ ಡೆನಿಸ್ ಬರ್ಕಿಟ್ ಎಂಬ ಶಸ್ತ್ರವೈದ್ಯರು ಮಕ್ಕಳ ದವಡೆಯಲ್ಲಿ ಊದಿಕೊಳ್ಳುವ ಒಂದು ಗಡ್ಡೆಯ ಬಗ್ಗೆ ಬರೆದರು. ಅದರ ವೇಗ ಭಯಂಕರ. ಒಂದೆರಡು ದಿನದಲ್ಲೇ ಅದರ ಕೋಶಗಳು ದುಪ್ಪಟ್ಟಾಗಬಲ್ಲವು!

ಗುಟ್ಟು 1982ರಲ್ಲಿ ಬಯಲಾಯಿತು. ಮಿಕ್ ಜೀನ್ ಇರಬೇಕಾದದ್ದು ಡಿಎನ್‌ಎ ಕಟ್ಟುಗಳಲ್ಲಿ ಎಂಟನೆಯದರಲ್ಲಿ, ಎಂದರೆ 8ನೇ ಕ್ರೋಮೋಸೋಮಿನಲ್ಲಿ. ಈ ಗಡ್ಡೆಗಳಲ್ಲಿ ಅದು ತುಂಡಾಗಿ, ಬಹುಪಾಲು ರೋಗಿಗಳಲ್ಲಿ 14ನೇ ಕ್ರೋಮೋಸೋಮಿಗೆ ಹೋಗಿ ಅಂಟಿಕೊಂಡಿತ್ತು. ಅಲ್ಲಿ ನೆರೆಮನೆಯಲ್ಲಿ ಯಾರು? ಪ್ರತಿಕಾಯ ತಯಾರಿಸುವ ಜೀನ್! ಈ ಗಡ್ಡೆ ಹುಟ್ಟುವ ಜಾತಿಯ ರಕ್ತಕಣದಲ್ಲಿ ಆ ಜೀನ್ ಹಗಲೂ ರಾತ್ರಿ ಉರಿಯುವ ದೀಪ. ಅದರ ಬೆಳಕು ಮಿಕ್ ಮೇಲೂ ಬಿತ್ತು. ಆರಿಸಲು ಯಾರಿಂದಲೂ ಆಗಲಿಲ್ಲ.

ವಿಳಾಸ ಬದಲಾದದ್ದೇ ಮೂಲ ಅನಾಹುತ. ಅಲ್ಲಿಂದ ಚೆಂಡೆ ನಿಲ್ಲಲೇ ಇಲ್ಲ!

ಸರಿ, ಆ ಚೆಂಡೆಯನ್ನು ನಾವೇ ನಿಲ್ಲಿಸಿದರೆ? ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಇಲಿಗಳ ಮೇಲೆ ಇದನ್ನೇ ಮಾಡಿ ನೋಡಿದರು. ಬೇಕೆಂದಾಗ ಮಿಕ್ ಹಚ್ಚುವ, ಬೇಡವೆಂದಾಗ ಆರಿಸುವ ಏರ್ಪಾಡು. ಮಿಕ್ ಹಚ್ಚಿದರು, ಮೂಳೆಯ ಕ್ಯಾನ್ಸರ್ ಬಂತು. ಮಿಕ್ ಆರಿಸಿದರು. ಕ್ಯಾನ್ಸರ್ ಕೋಶಗಳು ಏನಾದವು, ಹೇಳಿ?

ಮೂಳೆಯಾದವು! ಕೊಲೆಗಡುಕ ಕೋಶಗಳು ಬೆಳೆದು, ಪಳಗಿ, ಸಾಧು ಮೂಳೆಯಾದವು! 2002ರಲ್ಲಿ ಇದು ಪ್ರಕಟವಾಯಿತು. ಮತ್ತೆ ಮಿಕ್ ಹಚ್ಚಿದಾಗಲೂ ಅವು ಹಳೆಯ ಚಾಳಿಗೆ ಮರಳಲಿಲ್ಲ. ಬದಲಿಗೆ ಸಾಯತೊಡಗಿದವು!

ಈ ಸಂಗತಿ ನೆನಪಿರಲಿ. ಹಾದಿ ತಪ್ಪಿದ ಕೋಶವನ್ನೂ ದಾರಿಗೆ ತರಬಹುದು! ಪಾಷಾಣದ ಒಗಟಿಗೆ ಇದೇ ಕೀಲಿಕೈ.

ಹತ್ತು ವರ್ಷ ಕಟಕಟೆಯಲ್ಲಿ ನಿಂತ ಕಾವಲುಗಾರ

ಈಗ ಈ ಮೇಳದ ಅತಿ ದೊಡ್ಡ ಭಾಗವತರನ್ನು ಭೇಟಿಯಾಗಿ. ಹೆಸರು ಪಿ53. ಆ ಹೆಸರೇ ತಪ್ಪು!

53 ಎಂದರೆ ತೂಕ. 1979ರಲ್ಲಿ ಬ್ರಿಟನ್ನಿನ ಡೇವಿಡ್ ಲೇನ್, ಅಮೆರಿಕದ ಆರ್ನಾಲ್ಡ್ ಲೆವಿನ್ ಸೇರಿದಂತೆ ಹಲವು ವಿಜ್ಞಾನಿಗಳಿಗೆ ಬೇರೆ ಬೇರೆ ಕಡೆ ಈ ಪ್ರೋಟೀನ್ ಸಿಕ್ಕಿತು. ಪ್ರಯೋಗಾಲಯದಲ್ಲಿ ಅಳೆದಾಗ 53 ಸಾವಿರ ಡಾಲ್ಟನ್ ಎಂದು ತೋರಿತು. ನಿಜವಾದ ತೂಕ ಸುಮಾರು 44 ಸಾವಿರ! ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು.

ಹೆಸರಿನ ತಪ್ಪು ಸಣ್ಣದು. ತೀರ್ಪಿನ ತಪ್ಪು ದೊಡ್ಡದು! ಕ್ಯಾನ್ಸರ್ ಕೋಶಗಳಲ್ಲಿ ಪಿ53 ರಾಶಿರಾಶಿಯಾಗಿ ಕಂಡಿತು. ಇವನೇ ಕಳ್ಳ ಎಂದರು. ಹತ್ತು ವರ್ಷ ಅದು ಕ್ಯಾನ್ಸರ್ ತರುವ ಜೀನ್‌ಗಳ ಪಟ್ಟಿಯಲ್ಲೇ ಇತ್ತು.

1989ರಲ್ಲಿ ಕಥೆ ತಲೆಕೆಳಗಾಯಿತು. ಅಷ್ಟು ದಿನ ವಿಜ್ಞಾನಿಗಳು ಪರೀಕ್ಷಿಸಿದ್ದು ಕೆಟ್ಟುಹೋದ ಪಿ53 ಪ್ರತಿಗಳನ್ನು! ಆರೋಗ್ಯವಂತ ಪಿ53 ಕ್ಯಾನ್ಸರನ್ನು ತಡೆಯುತ್ತದೆ. ಕಟಕಟೆಯಲ್ಲಿ ನಿಂತಿದ್ದವನು ಕಳ್ಳನಲ್ಲ, ಪೆಟ್ಟು ತಿಂದು ಬಿದ್ದ ಕಾವಲುಗಾರ! 1993ರಲ್ಲಿ 'ಸೈನ್ಸ್' ಪತ್ರಿಕೆ ಇದನ್ನೇ ವರ್ಷದ ಅಣು ಎಂದು ಆರಿಸಿತು.

ಪಿ53 ಏನು ಮಾಡುತ್ತದೆ? ಡಿಎನ್‌ಎಗೆ ಪೆಟ್ಟು ಬಿದ್ದ ಸುದ್ದಿ ಬಂದೊಡನೆ ಎದ್ದು ಕೂರುತ್ತದೆ. ಮೊದಲ ಪದ: ಕುಣಿತ ನಿಲ್ಲಲಿ. ಎರಡನೆಯ ಪದ: ರಿಪೇರಿ ನಡೆಯಲಿ. ರಿಪೇರಿ ಆಗದಷ್ಟು ಕೆಟ್ಟಿದೆಯೇ? ಆಗ ಮೂರನೆಯ ಪದ. ಮಂಗಳ! ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಉಳಿದ ದೇಹಕ್ಕಾಗಿ!

ಇಷ್ಟು ಶಕ್ತಿಯ ಭಾಗವತರನ್ನು ಸುಮ್ಮನೆ ಬಿಟ್ಟರೆ ಆರೋಗ್ಯವಂತ ಕೋಶಗಳಿಗೂ ಮಂಗಳ ಹಾಡಿಬಿಡಬಹುದಲ್ಲ? ಅದಕ್ಕೊಂದು ಅದ್ಭುತ ಲಗಾಮು. ಎಂಡಿಎಂ2 ಎಂಬ ಪ್ರೋಟೀನ್ ಸದಾ ಪಿ53ಯನ್ನು ಹಿಡಿದು ನಾಶಕ್ಕೆ ಕಳಿಸುತ್ತಿರುತ್ತದೆ. ಆರೋಗ್ಯವಂತ ಕೋಶದಲ್ಲಿ ಸುಮಾರು 20 ನಿಮಿಷ ಕಳೆಯುವಷ್ಟರಲ್ಲಿ ಇದ್ದ ಪಿ53ಯಲ್ಲಿ ಅರ್ಧ ಖಾಲಿ!

ಆ ಎಂಡಿಎಂ2ಗೆ ಪದ ಎತ್ತಿ ಕರೆಯುವವರು ಯಾರು? ಊಹಿಸಿ.

ಪಿ53ಯೇ! ತನ್ನ ಲಗಾಮನ್ನು ತಾನೇ ತಯಾರಿಸಿಕೊಳ್ಳುತ್ತದೆ! ಡಿಎನ್‌ಎ ಮುರಿದಾಗ ಮಾತ್ರ ಆ ಹಿಡಿತ ಸಡಿಲವಾಗುತ್ತದೆ. ಪಿ53 ತುಂಬಿಕೊಳ್ಳುತ್ತದೆ.

ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಎಷ್ಟರಲ್ಲಿ ಈ ಜೀನ್ ಕೆಟ್ಟಿರುತ್ತದೆ ಗೊತ್ತೆ? ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ! 20,000 ಜೀನ್‌ಗಳಿವೆ. ಇಷ್ಟು ಹೆಚ್ಚು ಸಲ ಪೆಟ್ಟು ತಿನ್ನುವ ಜೀನ್ ಇನ್ನೊಂದಿಲ್ಲ.

ಬೂಸ್ಟು ಬಿಟ್ಟುಹೋದ ಸಹಿ

ಪಿ53 ಎಂದರೆ 393 ಮಣಿಗಳ ಮಾಲೆ. ಪ್ರತಿ ಮಣಿ ಒಂದು ಅಮೈನೋ ಆಮ್ಲ. ಕ್ಯಾನ್ಸರ್‌ನಲ್ಲಿ ಎಲ್ಲ ಮಣಿಗಳೂ ಸಮಾನವಾಗಿ ಕೆಡುತ್ತವೆಯೇ? ಇಲ್ಲ! ಕೆಲವೇ ಮಣಿಗಳು ಮತ್ತೆ ಮತ್ತೆ ಕೆಡುತ್ತವೆ. 248ನೆಯದು. 273ನೆಯದು.

ಏಕೆ ಅವೇ? 1994ರಲ್ಲಿ ಪಿ53 ಡಿಎನ್‌ಎಯನ್ನು ಹಿಡಿದಿರುವ ಚಿತ್ರ ಸಿಕ್ಕಿತು. ನೋಡಿದರೆ, ಆ ಎರಡೂ ಮಣಿಗಳು ಡಿಎನ್‌ಎಯನ್ನು ಮುಟ್ಟುವ ಬೆರಳ ತುದಿಗಳು! ಬ್ರೈಲ್ ಓದುವ ಬೆರಳೇ ಸುಟ್ಟುಹೋದರೆ ಓದುವುದು ಹೇಗೆ?

ಸುಡುವವರು ಯಾರು? ಸಿಗರೇಟಿನ ಹೊಗೆಯಲ್ಲಿ ಬೆಂಜೋಪೈರೀನ್ ಎಂಬ ವಿಷವಿದೆ. ದೇಹದಲ್ಲಿ ರೂಪ ಬದಲಿಸಿಕೊಂಡು ಅದು ಡಿಎನ್‌ಎಗೆ ಅಂಟುತ್ತದೆ. 1996ರಲ್ಲಿ ವಿಜ್ಞಾನಿಗಳು ಪಿ53 ಜೀನಿನಲ್ಲಿ ಅದು ಎಲ್ಲೆಲ್ಲಿ ಹೆಚ್ಚು ಅಂಟುತ್ತದೆ ಎಂದು ಹುಡುಕಿದರು. ಸಿಕ್ಕ ಜಾಗಗಳು: 157, 248, 273!

ಮೈ ಜುಮ್ಮೆನ್ನುವುದಿಲ್ಲವೇ? ಹೊಗೆ ಹೋಗಿ ಕೂರುವುದು ಕಾವಲುಗಾರನ ಬೆರಳ ತುದಿಯ ಮೇಲೆಯೇ!

ಇನ್ನೊಂದು ಸಹಿ ನೋಡಿ. ಸರಿಯಾಗಿ ಒಣಗಿಸದ ಶೇಂಗಾ, ಮೆಕ್ಕೆಜೋಳಕ್ಕೆ ಒಂದು ಬಗೆಯ ಬೂಸ್ಟು ಹಿಡಿಯುತ್ತದೆ. ಅದು ಬಿಡುವ ವಿಷ ಅಫ್ಲಾಟಾಕ್ಸಿನ್. 1991ರಲ್ಲಿ ಚೀನಾ ಮತ್ತು ಆಫ್ರಿಕಾದ ದಕ್ಷಿಣ ಭಾಗದ ಯಕೃತ್ತಿನ ಕ್ಯಾನ್ಸರ್ ಗಡ್ಡೆಗಳನ್ನು ಪರೀಕ್ಷಿಸಿದರು. ಮತ್ತೆ ಮತ್ತೆ ಕೆಟ್ಟಿದ್ದು ಒಂದೇ ಜಾಗ. 249ನೇ ಮಣಿ! ಒಂದು ಜಿ ಅಕ್ಷರ ಟಿ ಆಗಿತ್ತು. ಒಂದೇ ಒಂದು ಅಕ್ಷರ!

ಗಡ್ಡೆಯ ಡಿಎನ್‌ಎ ಓದಿ ಅದರ ಹಿಂದೆ ಬೂಸ್ಟು ಹಿಡಿದ ಕಾಳಿನ ಕೈವಾಡವಿದೆ ಎಂದು ಹೇಳಬಹುದು ಎಂದರೆ! ಅಪರಾಧಿ ತನ್ನ ಹೆಬ್ಬೆಟ್ಟಿನ ಗುರುತನ್ನು ಅಲ್ಲೇ ಒತ್ತಿಹೋಗಿದ್ದಾನೆ.

ಇದನ್ನು ಓದಿದ ಮೇಲೆ ನಾನಂತೂ ಬೂಸ್ಟು ಹಿಡಿದ ಒಂದು ಶೇಂಗಾ ಕಾಳನ್ನೂ ಬಾಯಿಗಿಟ್ಟಿಲ್ಲ. ನೀವೂ ಇಡಬೇಡಿ. ತೊಳೆದು, ಹುರಿದು ತಿಂದರಾಯಿತು ಎನ್ನಬೇಡಿ. ಎಸೆದುಬಿಡಿ!

ಆನೆಯ ಗುಟ್ಟು

ಈಗ ಆನೆ ಬರುತ್ತಿದೆ. ದಾರಿ ಬಿಡಿ!

ಲೆಕ್ಕ ಸುಲಭ. ಕೋಶ ಹೆಚ್ಚಿದ್ದಷ್ಟೂ ಕೆಡುವ ಕೋಶವೂ ಹೆಚ್ಚು. ಆನೆಯ ದೇಹದಲ್ಲಿ ನಮಗಿಂತ ನೂರು ಪಟ್ಟಿನಷ್ಟು ಕೋಶಗಳಿವೆ. ಬದುಕುವುದೋ ಅರವತ್ತು ಎಪ್ಪತ್ತು ವರ್ಷ. ಹಾಗಾದರೆ ಹೆಚ್ಚುಕಡಿಮೆ ಪ್ರತಿ ಆನೆಗೂ ಕ್ಯಾನ್ಸರ್ ಬರಬೇಕಲ್ಲ?

ಬರುವುದಿಲ್ಲ! ಆನೆಗಳ ನೂರಾರು ಸಾವುಗಳ ದಾಖಲೆ ಜಾಲಾಡಿದಾಗ, ಕ್ಯಾನ್ಸರ್‌ನಿಂದ ಸಾಯುವ ಆನೆಗಳು ನೂರಕ್ಕೆ ಐದರಷ್ಟು ಎಂಬ ಅಂದಾಜು ಸಿಕ್ಕಿತು. ಮನುಷ್ಯರಲ್ಲಿ? ನೂರಕ್ಕೆ 11ರಿಂದ 25!

ಬ್ರಿಟನ್ನಿನ ರಿಚರ್ಡ್ ಪೀಟೊ 1970ರ ದಶಕದಲ್ಲೇ ಈ ಒಗಟನ್ನು ಎತ್ತಿದ್ದರು. ದೊಡ್ಡ ಪ್ರಾಣಿಗೆ ಹೆಚ್ಚು ಕ್ಯಾನ್ಸರ್ ಏಕೆ ಇಲ್ಲ?

2015ರಲ್ಲಿ ಅಮೆರಿಕದ ಎರಡು ತಂಡಗಳು ಆನೆಯ ಡಿಎನ್‌ಎ ತೆರೆದು ನೋಡಿದವು. ನಮ್ಮಲ್ಲಿ ಪಿ53 ಜೀನಿನ ಪ್ರತಿಗಳು ಎರಡು. ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಆಫ್ರಿಕದ ಆನೆಯಲ್ಲಿ ಎಷ್ಟು? ನಾಲ್ಕು? ಹತ್ತು? ಹೇಳಿ ನೋಡೋಣ!

ನಲವತ್ತು!

ಇಪ್ಪತ್ತು ಜೋಡಿ! ಏಷ್ಯಾದ ಆನೆಯಲ್ಲಿ 15ರಿಂದ 20 ಜೋಡಿ. ಒಂದು ಜೋಡಿ ಮೂಲ ಜೀನ್. ಉಳಿದವು ಯುಗಯುಗಗಳಲ್ಲಿ ನಕಲಾಗಿ ಸೇರಿಕೊಂಡ ತುಸು ಮೊಟಕಾದ ಪ್ರತಿಗಳು. ಆನೆಯ ರಕ್ತಕೋಶಗಳಿಗೆ ವಿಕಿರಣ ತಾಗಿಸಿದಾಗ ಅವು ಮನುಷ್ಯರ ಕೋಶಗಳಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿ ಮಂಗಳ ಹಾಡಿಕೊಂಡವು. ಕೆಟ್ಟ ಕೋಶವನ್ನು ಉಳಿಸಿ ತೇಪೆ ಹಾಕುವುದಕ್ಕಿಂತ ಬಿಟ್ಟುಕೊಡುವುದೇ ಲೇಸು ಎಂಬುದು ಗಜನೀತಿ!

ಇದರ ತದ್ವಿರುದ್ಧ ಚಿತ್ರವೂ ಇದೆ. ಕೆಲವು ಮನೆತನಗಳಲ್ಲಿ ಮಕ್ಕಳು ಒಂದೇ ಒಂದು ಒಳ್ಳೆಯ ಪಿ53 ಪ್ರತಿಯೊಂದಿಗೆ ಹುಟ್ಟುತ್ತಾರೆ. ಲೀ-ಫ್ರೌಮೆನಿ ಎಂಬ ಸ್ಥಿತಿ ಇದು. ಅವರಿಗೆ ಬದುಕಿನಲ್ಲಿ ಯಾವಾಗಲಾದರೂ ಕ್ಯಾನ್ಸರ್ ಬರುವ ಸಾಧ್ಯತೆ ಶೇಕಡಾ 90ರ ಆಸುಪಾಸು. ಎರಡರಲ್ಲಿ ಒಂದು ಕಡಿಮೆಯಾದರೆ ಇಷ್ಟು ವ್ಯತ್ಯಾಸ!

ದೇಶದಲ್ಲೇ ಅತಿ ಹೆಚ್ಚು ಆನೆಗಳಿರುವ ರಾಜ್ಯ ನಮ್ಮ ಕರ್ನಾಟಕ. ಆರು ಸಾವಿರಕ್ಕೂ ಹೆಚ್ಚು! ಮುಂದಿನ ಸಲ ದುಬಾರೆಯಲ್ಲೋ ಸಕ್ರೆಬೈಲಿನಲ್ಲೋ ಮೈಸೂರು ದಸರಾದಲ್ಲೋ ಆನೆ ಕಂಡರೆ ಒಂದು ಕ್ಷಣ ನಿಲ್ಲಿ. ಅದರ ಒಂದೊಂದು ಕೋಶದಲ್ಲೂ ಇರುವ ಆ ಕಾವಲು ಪಡೆಯನ್ನು ನೆನೆದು ಕೈ ಮುಗಿಯಿರಿ!

ಮಾತ್ರೆ ಡಬ್ಬಿಯಲ್ಲಿ ಕೂತ ಅಚ್ಚರಿ

'ಇದೆಲ್ಲ ಪ್ರಯೋಗಾಲಯದ ಮಾತು, ನಮಗೇನು?' ಎನ್ನುತ್ತೀರಾ? ನಿಮ್ಮ ಬೀದಿಯ ಯಾವುದೋ ಅಮ್ಮನ, ಅತ್ತೆಯ, ಚಿಕ್ಕಮ್ಮನ ಮಾತ್ರೆ ಡಬ್ಬಿಯಲ್ಲಿ ಒಬ್ಬ ಭಾಗವತನ ಬಾಯಿ ಕಟ್ಟುವ ಗುಳಿಗೆ ಇರಬಹುದು. ಟ್ಯಾಮಾಕ್ಸಿಫೆನ್!

ಹೆಣ್ಣಿನ ಹಾರ್ಮೋನ್ ಈಸ್ಟ್ರೋಜೆನ್ ಸ್ತನದ ಕೋಶದೊಳಗೆ ಹೋಗಿ ಸೇರುವ ಪ್ರೋಟೀನ್ ಇದೆಯಲ್ಲ, ಅದೂ ಒಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್! ಹಾರ್ಮೋನ್ ಸಿಕ್ಕೊಡನೆ ಅದು ಬೆಳವಣಿಗೆಯ ಪದ ಎತ್ತುತ್ತದೆ. ಸ್ತನ ಕ್ಯಾನ್ಸರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಪದಕ್ಕೇ ಕುಣಿಯುತ್ತವೆ. ಟ್ಯಾಮಾಕ್ಸಿಫೆನ್ ಹಾರ್ಮೋನಿನ ಪೀಠದಲ್ಲಿ ತಾನು ಹೋಗಿ ಕೂರುತ್ತದೆ. ಪದ ನಿಲ್ಲುತ್ತದೆ.

ಇದನ್ನು ಮೊದಲು ತಯಾರಿಸಿದ್ದು ಯಾವುದಕ್ಕೆ? ಗರ್ಭ ನಿಲ್ಲದಂತೆ ಮಾಡಲು! 1962ರಲ್ಲಿ ಇಂಗ್ಲೆಂಡಿನ ಡೋರಾ ರಿಚರ್ಡ್‌ಸನ್ ಎಂಬ ರಸಾಯನ ವಿಜ್ಞಾನಿ ಇದನ್ನು ಸೃಷ್ಟಿಸಿದರು. ಗರ್ಭನಿರೋಧಕವಾಗಿ ಅದು ಸೋತಿತು. ಸೋತ ಆ ಮಾತ್ರೆಯೇ ಕ್ಯಾನ್ಸರ್ ಮದ್ದಾಗಿ ಗೆದ್ದಿತು! ಈ ಬಗೆಯ ಕ್ಯಾನ್ಸರ್ ಇದ್ದವರು ಐದು ವರ್ಷ ತೆಗೆದುಕೊಂಡರೆ, ಮೊದಲ ಹದಿನೈದು ವರ್ಷಗಳಲ್ಲಿ ಆ ಕ್ಯಾನ್ಸರ್‌ನಿಂದ ಆಗುವ ಸಾವು ಮೂರನೇ ಒಂದರಷ್ಟು ಕಡಿಮೆ!

ವಿಷ ಅಮೃತವಾದ ಕಥೆ

ಬಂತು, ನಮ್ಮ ಒಗಟಿನ ರೋಗ! ಅಕ್ಯೂಟ್ ಪ್ರೊಮೈಲೋಸಿಟಿಕ್ ಲ್ಯುಕೇಮಿಯಾ. ಆಸ್ಪತ್ರೆಗಳಲ್ಲಿ ಇದಕ್ಕೆ ಎಪಿಎಲ್ ಎನ್ನುತ್ತಾರೆ.

1957ರಲ್ಲಿ ನಾರ್ವೆಯ ವೈದ್ಯ ಲೀಫ್ ಹಿಲ್ಲೆಸ್ಟಾಡ್ ಇದನ್ನು ಬೇರೆಯದೇ ರೋಗವೆಂದು ಗುರುತಿಸಿದರು. ರಕ್ತ ಹೆಪ್ಪುಗಟ್ಟುವ ಏರ್ಪಾಡೇ ಕುಸಿಯುತ್ತದೆ. ಒಸಡಿನಲ್ಲಿ ರಕ್ತ. ಮೂಗಿನಲ್ಲಿ ರಕ್ತ. ಮಿದುಳಿನಲ್ಲೂ ರಕ್ತ. ಕೆಲವೇ ವಾರಗಳಲ್ಲಿ ಸಾವು.

1977ರಲ್ಲಿ ಮೊದಲ ಸುಳಿವು ಸಿಕ್ಕಿತು. ಕೊಟ್ಟವರು ಶಿಕಾಗೋದ ಜಾನೆಟ್ ರೌಲಿ. ಕ್ರೋಮೋಸೋಮ್‌ಗಳ ಫೋಟೊಗಳನ್ನು ಕತ್ತರಿಸಿ ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು ಜೋಡಿಸುತ್ತಿದ್ದ ವಿಜ್ಞಾನಿ! ಎಪಿಎಲ್‌ನಲ್ಲಿ 15 ಮತ್ತು 17ನೇ ಕ್ರೋಮೋಸೋಮ್‌ಗಳ ತುಣುಕುಗಳು ಅದಲುಬದಲಾಗಿವೆ ಎಂದು ಅವರ ತಂಡ ತೋರಿಸಿತು.

17ರಲ್ಲಿ ತುಂಡಾದದ್ದು ಯಾವ ಜೀನ್? ಹೌದು, ಒಬ್ಬ ಭಾಗವತನದೇ! ರಾರ್-ಆಲ್ಫಾ ಎಂಬ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್. ಎ ವಿಟಮಿನ್ನಿನಿಂದ ದೇಹ ತಯಾರಿಸಿಕೊಳ್ಳುವ ರೆಟಿನಾಯಿಕ್ ಆಮ್ಲ ಸಿಕ್ಕಾಗ, ಎಳೆಯ ಬಿಳಿ ರಕ್ತಕಣಗಳನ್ನು ಬೆಳೆಸುವ ಪದ ಎತ್ತುವವನು ಇವನು. 15ರಲ್ಲಿದ್ದ ಪಿಎಂಎಲ್ ಎಂಬ ಜೀನಿಗೆ ಬೆಸೆದುಕೊಂಡ ಮೇಲೆ ಏನಾಯಿತು? ಪ್ರಸಂಗದ ಪುಟದ ಮೇಲೆ ಕೈಯಿಟ್ಟು ಕೂತುಬಿಟ್ಟ. ಪದವೇ ಇಲ್ಲ!

ಬಯಲಾಟದ ಆರಂಭದಲ್ಲಿ ಬಾಲಗೋಪಾಲ ವೇಷದ ಹುಡುಗರು ಕುಣಿಯುತ್ತಾರಲ್ಲ? ಇಲ್ಲಿ ಆ ಹುಡುಗರು ರಂಗ ಬಿಟ್ಟಿಳಿಯಲೇ ಇಲ್ಲ. ಮುಖ್ಯ ವೇಷ ಬರಲೇ ಇಲ್ಲ. ಹುಡುಗರ ಮೇಲೆ ಹುಡುಗರು ಬಂದು ಮೂಳೆಯ ಮಜ್ಜೆಯೆಲ್ಲ ತುಂಬಿಹೋಯಿತು.

ಶಾಂಘೈನ ವೈದ್ಯ ವಾಂಗ್ ಝೆನ್‌ಯೀ ಬೇರೆಯೇ ದಾರಿ ಹುಡುಕುತ್ತಿದ್ದರು. ಈ ಕೋಶಗಳನ್ನು ಕೊಲ್ಲುವುದು ಬಿಟ್ಟು ಬೆಳೆಸಿದರೆ? 1985ರಲ್ಲಿ ಸಾವಿನ ಅಂಚಿನಲ್ಲಿದ್ದ ಐದು ವರ್ಷದ ಹುಡುಗಿಗೆ ರೆಟಿನಾಯಿಕ್ ಆಮ್ಲದ ಒಂದು ರೂಪವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರು. ಮಗು ಚೇತರಿಸಿಕೊಂಡಿತು! 1988ರಲ್ಲಿ ಅವರ ತಂಡ 24 ರೋಗಿಗಳ ಫಲಿತಾಂಶ ಪ್ರಕಟಿಸಿತು. ಎಷ್ಟು ಜನರಲ್ಲಿ ರೋಗ ಹಿಂದೆ ಸರಿದಿತ್ತು?

ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕು! ಒಬ್ಬರಿಗೆ ಮಾತ್ರ ಜೊತೆಗೆ ಕೀಮೋ ಬೇಕಾಯಿತು.

ಮದ್ದು ಕ್ಯಾನ್ಸರ್ ಕೋಶಗಳನ್ನು ದೊಡ್ಡವರನ್ನಾಗಿ ಮಾಡಿತ್ತು! ಬೆಳೆದ ಬಿಳಿ ರಕ್ತಕಣದ ಆಯುಷ್ಯ ಬಲು ಚಿಕ್ಕದು. ಅವು ಬೆಳೆದವು, ಮುಪ್ಪಾದವು, ಸಹಜವಾಗಿ ಉದುರಿದವು.

ಆದರೆ ಈ ಮದ್ದೊಂದೇ ಸಾಲದಾಯಿತು. ರೋಗ ಮರಳಿ ಬರುತ್ತಿತ್ತು.

ಆಗ ಬಂತು ಪಾಷಾಣ! ಚೀನಾದ ಈಶಾನ್ಯ ಭಾಗದ ಹಾರ್ಬಿನ್ ನಗರ. 1970ರ ದಶಕದ ಆರಂಭ. ಹಳ್ಳಿಯೊಂದರ ನಾಟಿ ಮದ್ದು ಕ್ಯಾನ್ಸರಿಗೆ ನಾಟುತ್ತದೆ ಎಂಬ ಸುದ್ದಿ. ವೈದ್ಯ ಝಾಂಗ್ ಟಿಂಗ್‌ಡಾಂಗ್ ಮತ್ತು ಸಂಗಡಿಗರು ಅದನ್ನು ಶೋಧಿಸಿದರು. ಅದರಲ್ಲಿದ್ದದ್ದು ಮೂರು: ಪಾಷಾಣ, ಪಾದರಸದ ಲವಣ, ನೆಲಗಪ್ಪೆಯ ವಿಷ! ಒಂದೊಂದಾಗಿ ಬಿಟ್ಟು ನೋಡಿದರು. ಕೆಲಸ ಮಾಡುತ್ತಿದ್ದದ್ದು ಪಾಷಾಣ.

ಹೇಗೆ? 2010ರಲ್ಲಿ ಚೀನಾದ ವಿಜ್ಞಾನಿಗಳು ತೋರಿಸಿದರು. ಪಾಷಾಣ ನೇರವಾಗಿ ಹೋಗಿ ಆ ಬೆಸುಗೆ ಪ್ರೋಟೀನಿನ ಪಿಎಂಎಲ್ ಭಾಗವನ್ನೇ ಹಿಡಿಯುತ್ತದೆ! ರೆಟಿನಾಯಿಕ್ ಆಮ್ಲ ಹಿಡಿಯುವುದು ರಾರ್-ಆಲ್ಫಾ ಭಾಗವನ್ನು. ಒಂದು ತಲೆ ಕಡೆಯಿಂದ, ಇನ್ನೊಂದು ಬಾಲದ ಕಡೆಯಿಂದ! ದಾರಿ ತಪ್ಪಿದ ಭಾಗವತ ಚೂರುಚೂರು!

ನಮ್ಮ ನೆರೆಯ ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೂ ಈ ಕಥೆಯಲ್ಲಿ ಹೆಮ್ಮೆಯ ಜಾಗವಿದೆ. ಅಲ್ಲಿನ ವೈದ್ಯರು ಪಾಷಾಣವನ್ನೇ ಮುಖ್ಯ ಮದ್ದಾಗಿ 72 ರೋಗಿಗಳಿಗೆ ಕೊಟ್ಟು 2006ರಲ್ಲಿ ವರದಿ ಮಾಡಿದರು. ಶೇಕಡಾ 86 ಮಂದಿಯಲ್ಲಿ ರೋಗ ಹಿಂದೆ ಸರಿದಿತ್ತು!

ಒಂದು ಮಾತು ಕೈಮುಗಿದು ಹೇಳುತ್ತೇನೆ. ಇದು ಆಸ್ಪತ್ರೆಯಲ್ಲಿ ಅಳೆದು, ಶುದ್ಧಗೊಳಿಸಿ, ಹೃದಯದ ಬಡಿತ ನೋಡುತ್ತಾ ಕೊಡುವ ಮದ್ದು. ನಾಟಿ ಪುಡಿಯಾಗಲಿ ಅಂಗಡಿಯ ಎ ವಿಟಮಿನ್ ಗುಳಿಗೆಯಾಗಲಿ ಇದರ ಬದಲಿ ಆಗಲಾರದು. ತಾವಾಗಿ ತೆಗೆದುಕೊಂಡರೆ ಪಾಷಾಣ ಇಂದಿಗೂ ಪಾಷಾಣವೇ!

ಕೊನೆಯ ಪದ

ಇನ್ನೊಂದೇ ಪ್ರಶ್ನೆ ಉಳಿಯಿತು. ಬೆಸುಗೆ ಪ್ರೋಟೀನ್ ಚೂರಾದ ಮೇಲೆ ಕ್ಯಾನ್ಸರ್ ಬೇರುಸಹಿತ ಹೋಗುವುದು ಹೇಗೆ? ಮಂಗಳ ಹಾಡುವವರು ಯಾರು?

2014ರಲ್ಲಿ ಪ್ಯಾರಿಸ್ಸಿನ ಹ್ಯೂಗ್ ದೆ ತೇ ಅವರ ತಂಡ ಇಲಿಗಳಲ್ಲಿ ಇದನ್ನು ಬೆನ್ನಟ್ಟಿತು. ಬೆಸುಗೆ ಬಿಚ್ಚಿದೊಡನೆ ಕೋಶದಲ್ಲಿದ್ದ ಒಳ್ಳೆಯ ಪಿಎಂಎಲ್ ತನ್ನ ಹಳೆಯ ನೆಲೆಗಳಿಗೆ ಮರಳುತ್ತದೆ. ಮರಳಿ ಒಬ್ಬರನ್ನು ಎಬ್ಬಿಸುತ್ತದೆ. ಯಾರನ್ನು?

ನಿಮಗೆ ಗೊತ್ತಾಯಿತಲ್ಲವೇ?

ಪಿ53! ನಮ್ಮ ಹಳೆಯ ಕಾವಲುಗಾರ! ಅಲ್ಲೇ ಕೂತಿದ್ದ. ಕರೆಗಾಗಿ ಕಾಯುತ್ತಿದ್ದ. ಪಾಷಾಣ ದಾರಿ ತೆರವು ಮಾಡಿಕೊಟ್ಟಿತು. ಕೊನೆಯ ಪದ ಹಾಡಿದ್ದು ನಮ್ಮದೇ ಭಾಗವತ!

ಈಗ ತೆಗೆಯಿರಿ, ಮನಸ್ಸಿನಲ್ಲಿಟ್ಟುಕೊಂಡ ಸಂಖ್ಯೆ. 2013ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ಲೊ-ಕೊಕೊ ಮತ್ತು ಸಂಗಡಿಗರು ಇಟಲಿ, ಜರ್ಮನಿಗಳಲ್ಲಿ ನಡೆಸಿದ ಪರೀಕ್ಷೆಯ ಫಲಿತಾಂಶ ಬಂತು. ರೋಗ ತೀರಾ ಉಲ್ಬಣಿಸದಿದ್ದ ಎಪಿಎಲ್ ರೋಗಿಗಳು. ರೆಟಿನಾಯಿಕ್ ಆಮ್ಲ ಮತ್ತು ಪಾಷಾಣ ಪಡೆದು ಫಲಿತಾಂಶದ ಲೆಕ್ಕಕ್ಕೆ ಸಿಕ್ಕವರು 77. ರೋಗ ಹಿಂದೆ ಸರಿದದ್ದು ಎಷ್ಟು ಜನರಲ್ಲಿ?

77!

ಎಪ್ಪತ್ತೇಳಕ್ಕೆ ಎಪ್ಪತ್ತೇಳು! ಎರಡು ವರ್ಷದ ನಂತರ ಆ ಗುಂಪಿನಲ್ಲಿ ಬದುಕುಳಿದವರು ಶೇಕಡಾ 99! ಒಂದು ಕಾಲಕ್ಕೆ ವಾರಗಳಲ್ಲಿ ಕೊಲ್ಲುತ್ತಿದ್ದ ರೋಗ ಅದು!

ಎಲ್ಲ ಕ್ಯಾನ್ಸರ್‌ಗೂ ಇಂಥ ಕೀಲಿಕೈ ಇನ್ನೂ ಸಿಕ್ಕಿಲ್ಲ. ಮಿಕ್‌ನ ಬಾಯಿ ಕಟ್ಟಲು, ಕೆಟ್ಟ ಪಿ53ಯನ್ನು ನೆಟ್ಟಗೆ ಮಾಡಲು ವಿಜ್ಞಾನಿಗಳು ಇಂದಿಗೂ ಹೆಣಗುತ್ತಿದ್ದಾರೆ. ಆದರೆ ಒಂದು ಸಲ ಆದದ್ದು ಇನ್ನೊಂದು ಸಲ ಆಗಬಲ್ಲದು. ಹಾದಿ ತಪ್ಪಿದ ಒಬ್ಬ ಭಾಗವತನನ್ನು ಪೀಠದಿಂದ ಇಳಿಸಿ, ಮೇಳವನ್ನು ಉಳಿಸಿದ ದಾಖಲೆ ನಮ್ಮ ಮುಂದಿದೆ!

ಹೋಗುವ ಮುನ್ನ ಗಡಿಯಾರ ನೋಡಿಕೊಳ್ಳಿ. ಈ ಬರಹ ಹಿಡಿದು ಸುಮಾರು ಇಪ್ಪತ್ತು ನಿಮಿಷವಾಯಿತೇ? ಹಾಗಾದರೆ ಮೊದಲ ಸಾಲು ಓದುವಾಗ ನಿಮ್ಮ ಕೋಶಗಳಲ್ಲಿ ಕಾವಲಿದ್ದ ಪಿ53ಯಲ್ಲಿ ಅರ್ಧ ಈಗಾಗಲೇ ಹೊರಟುಹೋಗಿದೆ. ಆ ಜಾಗಕ್ಕೆ ಹೊಸದು ಬಂದು ಕೂತಿದೆ. ನೀವು ಕರೆಯಲಿಲ್ಲ. ನಿಮಗೆ ತಿಳಿಯಲೂ ಇಲ್ಲ.

ಕಾವಲು ಬದಲಾಯಿತು. ಆಟ ನಡೆಯುತ್ತಲೇ ಇದೆ!